ತಾಲೀಮು ಇಲ್ಲದ ಆನ್‌ಲೈನ್ ತರಗತಿ

ಬನದ ಹುಣ್ಣಿಮೆಗೆ ಬಾದಾಮಿ ಬಳಿಯ ಚೊಳಚಗುಡ್ಡದಲ್ಲಿ ಬನಶಂಕರಿಯ ತೇರು ಎಳೆದರೂ ಜಾತ್ರೆ ಮುಗಿಯುವುದಿಲ್ಲ. ನಾಟಕ ಕಂಪನಿಗಳು ಟೆಂಟು ಹೊಡೆದು ಮುಂದೆಯೂ ವಾರಗಟ್ಟಲೆ ಆಟ ಆಡುತ್ತವೆ. ಕಂಪನಿ ನಾಟಕದ ವೈಭವವನ್ನು ಎಲ್ಲರೂ ಬಲ್ಲರು. ಅದನ್ನು ನೋಡಿ ಬಂದ ಹಳ್ಳಿಯವರು ತಮ್ಮೂರಲ್ಲಿ ತಾವೇ ಕಟ್ಟುತ್ತಿದ್ದ ನಾಟಕಗಳ ಬಗ್ಗೆ ಮಾತು ಕಡಿಮೆ. ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರಂಥ ನಾಟಕಕಾರರ ಕೃತಿಯೊಂದನ್ನು ಆರಿಸಿಕೊಂಡು, ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವ ಪೇಟಿ ಮಾಸ್ತರರೊಬ್ಬರನ್ನು ಕರೆಸಿ, ಹೊಲದ ಕೆಲಸ ಮುಗಿದ ಮೇಲೆ ರಾತ್ರಿ ತಾಲೀಮು ನಡೆಸುವ ರೂಢಿ ಅದು. ಓದಲು ಬಾರದವನಿಗೆ ಓದಲು ಬಂದವನು ಮಾತು ಹೇಳಿಕೊಟ್ಟು ಬಾಯಿಪಾಠ ಮಾಡಿಸುತ್ತಾನೆ. ತನ್ನ ಮಾತಷ್ಟೇ ಕಲಿತರೆ ಸಾಲದು, ಎದುರಿನವನ ಮಾತು ಎಲ್ಲಿಗೆ ನಿಲ್ಲುತ್ತದೆಂದೂ ಗೊತ್ತಿರಬೇಕು. ಇಲ್ಲದಿದ್ದರೆ ತನ್ನದು ಶುರುವಾಗುವುದಿಲ್ಲ. ಹಾಸ್ಯ ಪಾತ್ರದವನು ಪುಸ್ತಕದಲ್ಲಿಲ್ಲದ ಮಾತು ಸೇರಿಸುತ್ತಾನೆ. ಅದು ಕೂತರೆ ಮಾಸ್ತರರು ಉಳಿಸುತ್ತಾರೆ, ಕೂರದಿದ್ದರೆ ತೆಗೆಸುತ್ತಾರೆ. ವಯಸ್ಕರು ಕೂಡಿ ಕಲಿಯುವುದಕ್ಕೂ ಕಲಿಯುತ್ತಲೇ ಹೊಸದನ್ನು ಹುಟ್ಟಿಸುವುದಕ್ಕೂ ಇದಕ್ಕಿಂತ ಸ್ಪಷ್ಟವಾದ ಮಾದರಿ ನಮ್ಮ ಕಡೆ ಸಿಗುವುದು ಕಷ್ಟ. ಇಂದಿನ ಆನ್‌ಲೈನ್ ವಯಸ್ಕ ಶಿಕ್ಷಣಕ್ಕೆ ಬೇಕಾಗಿರುವುದೂ ಇಂಥ ತಾಲೀಮೇ ಎಂಬುದು ನನ್ನ ವಾದ.

ಈಗಿನ ಆನ್‌ಲೈನ್ ಕೋರ್ಸುಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ವಿಡಿಯೊ ನೋಡಬೇಕು, ನಾಲ್ಕರಲ್ಲಿ ಒಂದು ಉತ್ತರ ಒತ್ತಬೇಕು, ಪ್ರಮಾಣಪತ್ರ ಇಳಿಸಿಕೊಳ್ಳಬೇಕು. ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಕೋರ್ಸುಗಳನ್ನು ಪರಿಶೀಲಿಸಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ವರದಿಯ ಪ್ರಕಾರ, 2017-18ರಲ್ಲಿ ಕೋರ್ಸು ಪೂರ್ತಿ ಮಾಡಿದವರು ಶೇ. 3ರ ಆಸುಪಾಸಿನಲ್ಲಿದ್ದರು. ದುಡ್ಡು ಕಟ್ಟಿ ಪ್ರಮಾಣಪತ್ರಕ್ಕೆ ನೋಂದಾಯಿಸಿಕೊಂಡವರಲ್ಲಿ ಈ ಪ್ರಮಾಣ ಎಷ್ಟೋ ಹೆಚ್ಚಿತ್ತು, ನಿಜ. ಆದರೆ ಊರ ಕೂಲಿಕಾರ, ನೇಕಾರ, ಅಂಗಡಿಯವನು ಆ ಗುಂಪಿಗೆ ಸೇರುವುದು ಅಪರೂಪ. ಮುಕ್ತ ಕೋರ್ಸು ಎಂಬ ಕಲ್ಪನೆ ಹುಟ್ಟಿದಾಗ ಹೀಗಿರಲಿಲ್ಲ. 2008ರಲ್ಲಿ ಜಾರ್ಜ್ ಸೀಮನ್ಸ್ ಮತ್ತು ಸ್ಟೀಫನ್ ಡೌನ್ಸ್ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಿಂದ ನಡೆಸಿದ ಕೋರ್ಸಿನಲ್ಲಿ ಕಲಿಯುವವರು ಬರೆದದ್ದು, ಪರಸ್ಪರ ಕೊಟ್ಟ ಉತ್ತರ ಎಲ್ಲವೂ ಪಾಠದ ಭಾಗವೇ ಆಗಿದ್ದವು. ಜನ ಹೆಚ್ಚಾದಂತೆ ಸುಲಭವಾದ ದಾರಿ ಉಳಿಯಿತು, ಜೀವಾಳ ಹೋಯಿತು. ವಯಸ್ಕರು ಅನುಭವದ ಗಂಟು ಹೊತ್ತೇ ಕಲಿಯಲು ಬರುತ್ತಾರೆ, ತಮ್ಮ ಬದುಕಿನ ತೊಡಕು ಬಿಡಿಸುವ ಕಲಿಕೆಯನ್ನೇ ಹುಡುಕುತ್ತಾರೆ ಎಂದು ವಯಸ್ಕ ಶಿಕ್ಷಣದ ಚಿಂತಕ ಮಾಲ್ಕಮ್ ನೋಲ್ಸ್ ಅರ್ಧ ಶತಮಾನದ ಹಿಂದೆಯೇ ಹೇಳಿದ್ದರು. ವಿಡಿಯೊ ಆ ಗಂಟನ್ನು ಬಿಚ್ಚಿಸುವುದೇ ಇಲ್ಲ.

ಹಾಗೆಂದು ವಿಡಿಯೊ ಕೆಳಗೆ ‘ಚರ್ಚಿಸಿ’ ಎಂದು ಬರೆದರೆ ಸಹಯೋಗ ಹುಟ್ಟುವುದಿಲ್ಲ. ಎಲ್ಲರೂ ಕೂಡಿ ಮುಗಿಸಲೇಬೇಕಾದ ಒಂದು ಕೆಲಸ ಬೇಕು, ಅದನ್ನು ಬಳಸುವ ಜನ ಹೊರಗೆ ಕಾದಿರಬೇಕು. ಕರ್ನಾಟಕದಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 2013ರಲ್ಲಿ ಆರಂಭಿಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರೇ ಕನ್ನಡದಲ್ಲಿ ಪಾಠ ಸಾಮಗ್ರಿ ಬರೆದರು, ಒಬ್ಬರದನ್ನು ಇನ್ನೊಬ್ಬರು ತಿದ್ದಿದರು. ಗಣಿತದ ಶಿಕ್ಷಕರು ಜಿಯೋಜೀಬ್ರಾದಂಥ ತಂತ್ರಾಂಶ ಕಲಿತದ್ದು ಪರೀಕ್ಷೆ ಬರೆಯಲಿಕ್ಕಲ್ಲ, ತರಗತಿಗೆ ಬೇಕಾದ ಚಿತ್ರವನ್ನು ತಾವೇ ಮಾಡಿಕೊಳ್ಳಲಿಕ್ಕೆ. ತಂತ್ರಜ್ಞಾನದ ತರಬೇತಿ ಅಲ್ಲಿ ಕೆಲಸದ ಬೆನ್ನ ಹಿಂದೆ ಬಂತು. ನಮ್ಮ ತರಬೇತಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಿರುವುಮುರುವು.

ಗುಂಪು ಸೇರಿದರೆ ಸೃಜನಶೀಲತೆ ಸಾಯುತ್ತದೆ, ಹೊಸ ವಿಚಾರ ಒಂಟಿ ತಲೆಯಲ್ಲೇ ಹುಟ್ಟುವುದು ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಅದಕ್ಕೆ ಪುರಾವೆ ಇದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದು 1958ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೂಡಿ ಕೂತು ವಿಚಾರ ಹುಡುಕಿದವರಿಗಿಂತ ಅಷ್ಟೇ ಜನ ಬೇರೆ ಬೇರೆ ಕೂತು ಹುಡುಕಿದ್ದನ್ನು ಒಟ್ಟುಗೂಡಿಸಿದಾಗ ಹೆಚ್ಚು ವಿಚಾರಗಳು ಸಿಕ್ಕವು. ಹೀಗೇಕೆ ಎಂದು ಮೈಕೆಲ್ ಡೀಲ್ ಮತ್ತು ವುಲ್ಫ್‌ಗ್ಯಾಂಗ್ ಸ್ಟ್ರೋಬೆ 1987ರಲ್ಲಿ ವಿವರಿಸಿದರು. ಒಬ್ಬ ಮಾತಾಡುವಾಗ ಉಳಿದವರು ಬಾಯಿ ಮುಚ್ಚಿ ಸರದಿ ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಮರೆತುಹೋಗುತ್ತದೆ. ಆನ್‌ಲೈನಿಗೆ ಇಲ್ಲೊಂದು ಅನುಕೂಲವಿದೆ. ಎಲ್ಲರೂ ಒಮ್ಮೆಗೇ ಬರೆಯಬಹುದು, ಸರದಿಯ ಕಾಟ ಇಲ್ಲ. 1990ರ ದಶಕದ ಆರಂಭದಲ್ಲಿ ಬ್ರೆಂಟ್ ಗ್ಯಾಲುಪ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಗುಂಪುಗಳಿಗೆ ಬರೆಯಲು ಕೊಟ್ಟಾಗ ಈ ತಡೆ ಕಳಚಿತು, ಗುಂಪು ದೊಡ್ಡದಾದಷ್ಟೂ ಲಾಭ ಕಂಡಿತು. ಹಾಗಾದರೆ ಲೈವ್ ತರಗತಿಯಲ್ಲಿ ಒಬ್ಬೊಬ್ಬರಿಗೇ ಮೈಕ್ ಕೊಟ್ಟು ಅಭಿಪ್ರಾಯ ಕೇಳುವ ಪದ್ಧತಿಯನ್ನು ಬಿಡಬೇಕು. ಮೊದಲು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಬರೆಯಲಿ ಅಥವಾ ಧ್ವನಿಮುದ್ರಿಸಲಿ. ಆಮೇಲೆ ಎಲ್ಲವನ್ನೂ ಒಂದೆಡೆ ಇಟ್ಟು ಆರಿಸುವ, ಜೋಡಿಸುವ ಕೆಲಸ ಕೂಡಿ ನಡೆಯಲಿ. ತಾಲೀಮಿನಲ್ಲೂ ನಟ ತನ್ನ ಮಾತನ್ನು ಮನೆಯಲ್ಲೇ ಕಲಿತು ಬರುತ್ತಾನಲ್ಲವೇ?

ನಾಲ್ಕು ಜನ ದುಡಿದು ಹತ್ತು ಜನ ಹೆಸರು ಹಾಕಿಕೊಳ್ಳುತ್ತಾರೆ ಎಂಬ ದೂರೂ ಸುಳ್ಳಲ್ಲ. ಹಗ್ಗ ಎಳೆಯುವವರು ಹೆಚ್ಚಾದಂತೆ ತಲಾ ಹಾಕುವ ಬಲ ಕುಗ್ಗುವುದನ್ನು ಫ್ರಾನ್ಸಿನ ರಿಂಗೆಲ್‌ಮನ್ 1913ರಲ್ಲೇ ದಾಖಲಿಸಿದ್ದರು. ಯಾರ ಪಾಲು ಎಷ್ಟು ಎಂದು ಕಾಣುವಂತಾದರೆ ಈ ಸೋಮಾರಿತನ ಇಳಿಯುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿವೆ. ನಾಟಕದಲ್ಲಿ ಪಾತ್ರ ಹಂಚುವುದರ ಅರ್ಥವೂ ಅದೇ, ದೂತನ ಪಾತ್ರದವನು ಬಾರದಿದ್ದರೆ ದರ್ಬಾರಿನ ದೃಶ್ಯವೇ ನಿಲ್ಲುತ್ತದೆ.

ಉದಾಹರಣೆಗೆ, ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರಿಗೆ ಬಣ್ಣ, ವಿನ್ಯಾಸ, ಮಾರಾಟದ ಬಗ್ಗೆ ಒಂದು ಆನ್‌ಲೈನ್ ಕೋರ್ಸು ಮಾಡುವುದಾದರೆ ಅದು ಹೇಗಿರಬಹುದು? ಇಳಕಲ್ ಸೀರೆಯ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಒಂದೊಂದು ಎಳೆಯನ್ನೂ ಕುಣಿಕೆಯಲ್ಲಿ ಕೂಡಿಸುವ ‘ಕೊಂಡಿ’ ಈ ಸೀರೆಯ ಗುರುತು. ಹತ್ತು ಮನೆಗಳ ಒಂದು ತಂಡ ಎರಡು ತಿಂಗಳಲ್ಲಿ ಟೋಪ್ ತೆನಿ ಎಂಬ ಸಾಂಪ್ರದಾಯಿಕ ವಿನ್ಯಾಸದ ಒಂದು ಹೊಸ ಸೆರಗನ್ನು ಯೋಚಿಸಿ ನೇಯಬೇಕು ಎಂದು ಗೊತ್ತುಪಡಿಸಲಿ. ಒಬ್ಬರಿಗೆ ಬಣ್ಣದ ಹೊಣೆ, ಒಬ್ಬರಿಗೆ ಹಳೆಯ ಸೀರೆಗಳ ಫೋಟೊ ಕೂಡಿಡುವ ಹೊಣೆ, ಒಬ್ಬರಿಗೆ ಗಿರಾಕಿಗಳನ್ನು ವಿಚಾರಿಸುವ ಹೊಣೆ. ಕಂಡಿಕೆ ಸುತ್ತುವ ಹೆಣ್ಣುಮಕ್ಕಳು ನೂಲಿನ ಗುಣದ ಬಗ್ಗೆ ಹೇಳುವ ಮಾತನ್ನು ಕೋರ್ಸಿನ ಪಾಠವೆಂದೇ ಎಣಿಸಬೇಕು. ಸಿಗ್ನಲ್ ಸಿಗುವುದಿಲ್ಲ, ಮನೆಗೆ ಒಂದೇ ಫೋನು, ಅದೂ ಗಂಡಸಿನ ಕೈಯಲ್ಲಿ ಎಂಬ ತಕರಾರು ಇಲ್ಲಿ ಗಟ್ಟಿಯಾಗಿ ಏಳುತ್ತದೆ, ಏಳಬೇಕಾದ್ದೇ. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಸಾಕ್ಷರತೆ ಶೇ. 69ರ ಹತ್ತಿರವಿತ್ತು, ಹೆಂಗಸರಲ್ಲಿ ಅದಕ್ಕೂ ಕಡಿಮೆ. ಆದ್ದರಿಂದ ಬೆರಳಚ್ಚಿಸುವುದನ್ನು ಕಡ್ಡಾಯ ಮಾಡಬಾರದು. ಬಿಡುವಾದಾಗ ಕೇಳಿ ಬಿಡುವಾದಾಗ ಉತ್ತರಿಸುವ ಧ್ವನಿ ಸಂದೇಶ ನಡುಮನೆಯ ಒಂದೇ ಫೋನಿನಲ್ಲೂ ನಡೆಯುತ್ತದೆ. ನಿಗದಿತ ಗಂಟೆಯ ಲೈವ್ ತರಗತಿ ನಡೆಯುವುದಿಲ್ಲ.

ಹದಿನೈದು ದಾಟಿದ ಅನಕ್ಷರಸ್ಥರಿಗಾಗಿ ಕೇಂದ್ರ ಸರ್ಕಾರ 2022ರಿಂದ 2027ರವರೆಗೆ ನಡೆಸುತ್ತಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ ‘ಉಲ್ಲಾಸ್’ ಆ್ಯಪ್ ಇದೆ, ಕಲಿಸಲು ಸ್ವಯಂಸೇವಕರಿದ್ದಾರೆ. ವೃತ್ತಿ ಕೌಶಲವೂ ನಿರಂತರ ಶಿಕ್ಷಣವೂ ಅದರ ಅಂಗಗಳೇ. ಅದರೊಳಗೆ ಇಂಥ ತಂಡದ ಕೆಲಸಕ್ಕೆ ಜಾಗ ಮಾಡುವುದಾದರೆ ಮೊದಲ ಖರ್ಚು ಹೊಸ ವಿಡಿಯೊಗಳಿಗೆ ಆಗಬಾರದು. ಹತ್ತು ಜನರ ಧ್ವನಿ ಸಂದೇಶಗಳನ್ನು ದಿನವೂ ಕೇಳಿ, ಹಿಂದುಳಿದವರನ್ನು ಹೆಸರು ಹಿಡಿದು ಕರೆದು, ಕೂರದ ಮಾತನ್ನು ತೆಗೆಸಿ ಕೂತದ್ದನ್ನು ಉಳಿಸುವ ಮಾಸ್ತರರಿಗೆ, ಮಾಸ್ತರಮ್ಮನಿಗೆ ಸಂಬಳ ಗೊತ್ತುಮಾಡಬೇಕು. ಪೇಟಿ ಮಾಸ್ತರರನ್ನು ಊರಿನವರು ಪಟ್ಟಿ ಎತ್ತಿ ಕರೆಸುತ್ತಿದ್ದರು, ಪುಕ್ಕಟೆ ದುಡಿಸಲಿಲ್ಲ.