ಆಕಾಶದ ಮಾತಿಗೂ ಶ್ರುತಿ ಬೇಕು



ಸಂಗೀತ ಕಚೇರಿಗೆ ಹೋದಾಗ ನೀವು ಗಮನಿಸಿರಬಹುದು. ಗಾಯಕರು ವೇದಿಕೆಯ ಮೇಲೆ ಕುಳಿತ ಕೂಡಲೇ ಹಾಡತೊಡಗುವುದಿಲ್ಲ. ಮೊದಲು ತಂಬೂರಿಯ ಶ್ರುತಿ ಕೂಡಬೇಕು. ನಮ್ಮ ಸ್ಟುಡಿಯೋದಲ್ಲಂತೂ ಇದು ದೊಡ್ಡ ಕೆಲಸ. ದೀಪಗಳ ಬಿಸಿ ಏರಿದಂತೆ ತಂತಿ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಅರ್ಧ ಗಂಟೆಯ ಮುದ್ರಣದಲ್ಲಿ ಎರಡು ಸಲ ನಿಲ್ಲಿಸಿ ಸರಿಪಡಿಸಿದ್ದೂ ಉಂಟು. ಉಪಗ್ರಹದ ಮೂಲಕ ಮಾತನಾಡುವ ರೇಡಿಯೋ ಹವ್ಯಾಸಿಗಳಿಗೂ ಇದೇ ತೊಂದರೆ. ಅವರ ತಂಬೂರಿ ಒಂದು ಪುಟ್ಟ ಸ್ಫಟಿಕ.

ಪರೀಕ್ಷೆ ಬರೆದು, ಸರ್ಕಾರದಿಂದ ಪರವಾನಗಿ ಪಡೆದು, ಲಾಭದ ಆಸೆಯಿಲ್ಲದೆ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸುವವರನ್ನು 'ಹ್ಯಾಮ್'ಗಳೆಂದು ಕರೆಯುತ್ತಾರೆ. ಇವರಿಗಾಗಿಯೇ ಉಪಗ್ರಹಗಳೂ ಇವೆ. ಅಂಥ ಉಪಗ್ರಹದೊಡನೆ ಮಾತನಾಡಲು ಬೇಕಾದ ಆಂಟೆನಾ, ಗ್ರಾಹಕ, ಪ್ರೇಷಕ ಇವೆಲ್ಲ ಸೇರಿ 'ಭೂ ಕೇಂದ್ರ'ವಾಗುತ್ತದೆ. ಭೂ ಕೇಂದ್ರ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ದೊಡ್ಡ ಡಿಶ್. ಆದರೆ ಅದರ ಯೋಗ್ಯತೆ ನಿಂತಿರುವುದು ಕಣ್ಣಿಗೆ ಕಾಣದ ಒಂದು ಗುಣದ ಮೇಲೆ: ಆವರ್ತನದ ಸ್ಥಿರತೆ.

ಓಡುವ ಉಪಗ್ರಹ

ನಮ್ಮ ದೇಶದ್ದೇ ಉದಾಹರಣೆ ನೋಡೋಣ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಮೇಲೇರಿದ ಪಿಎಸ್‌ಎಲ್‌ವಿ-ಸಿ6 ರಾಕೆಟ್, ಕಾರ್ಟೋಸ್ಯಾಟ್-1ರ ಜೊತೆಗೆ 42.5 ಕಿಲೋಗ್ರಾಂ ತೂಕದ ಹ್ಯಾಮ್‌ಸ್ಯಾಟನ್ನೂ ಒಯ್ದಿತು. ಇಸ್ರೋ ನಿರ್ಮಿಸಿದ ಈ ಉಪಗ್ರಹದಲ್ಲಿ ಎರಡು ಪ್ರೇಷಾನುವರ್ತಿಗಳಿದ್ದವು. ಒಂದು ಭಾರತದ್ದು; ಇನ್ನೊಂದನ್ನು ರೂಪಿಸಿದವರು ನೆದರ್ಲೆಂಡಿನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ! 2014ರ ಜುಲೈವರೆಗೆ ಹ್ಯಾಮ್‌ಸ್ಯಾಟ್ ಜಗತ್ತಿನ ಹ್ಯಾಮ್‌ಗಳಿಗೆ ಸೇವೆ ಸಲ್ಲಿಸಿತು.

ಅದು 435 ಮೆಗಾಹರ್ಟ್ಸ್ ಸುಮಾರಿನಲ್ಲಿ ಕೆಳಗಿನ ಮಾತನ್ನು ಕೇಳಿಸಿಕೊಂಡು, 145.9 ಮೆಗಾಹರ್ಟ್ಸ್ ಸುಮಾರಿನಲ್ಲಿ ಮರಳಿ ಹೇಳುತ್ತಿತ್ತು. ಆದರೆ ಅದರ ವೇಗ ಸೆಕೆಂಡಿಗೆ ಸುಮಾರು 7.5 ಕಿಲೋಮೀಟರ್. ಹತ್ತಿರ ಬರುವ ರೈಲಿನ ಸಿಳ್ಳು ಏರುಸ್ವರದಲ್ಲಿಯೂ ದೂರ ಸರಿಯುವಾಗ ಇಳಿಸ್ವರದಲ್ಲಿಯೂ ಕೇಳುತ್ತದಲ್ಲವೇ? ಅದೇ ಡಾಪ್ಲರ್ ಪರಿಣಾಮದಿಂದ, ಉಪಗ್ರಹ ಬರುವಾಗ ಅದರ ಸಂಕೇತ ಸುಮಾರು 3 ಕಿಲೋಹರ್ಟ್ಸ್ ಮೇಲಕ್ಕೂ ಹೋಗುವಾಗ ಅಷ್ಟೇ ಕೆಳಕ್ಕೂ ಸರಿಯುತ್ತಿತ್ತು. ಹ್ಯಾಮ್‌ಗಳು ಗ್ರಾಹಕದ ತಿರುಗುಗುಂಡಿಯ ಮೇಲಿನ ಕೈ ತೆಗೆಯುವಂತಿರಲಿಲ್ಲ.

ಇದು ಲೆಕ್ಕಕ್ಕೆ ಸಿಗುವ ಬದಲಾವಣೆ. ಕಕ್ಷೆ ಗೊತ್ತಿದ್ದರೆ ಕಂಪ್ಯೂಟರೇ ಮೊದಲೇ ಹೇಳಿಬಿಡುತ್ತದೆ. ಹಾಗಾದರೆ ಉಪಗ್ರಹ ಓಡದೆ ನಿಂತಲ್ಲೇ ನಿಂತರೆ? ಕಷ್ಟವೇ ಇರಬಾರದಲ್ಲ!

ನಿಂತ ಉಪಗ್ರಹ, ಓಡುವ ಶ್ರುತಿ

ಅಂಥದೂ ಒಂದಿದೆ. 2018ರ ನವೆಂಬರ್ 15ರಂದು ಅಮೆರಿಕದ ಫ್ಲೋರಿಡಾದಿಂದ ಉಡಾವಣೆಯಾದ ಕತಾರ್ ದೇಶದ ಎಸ್‌ಹೇಲ್-2 ಒಂದು ಭೂಸ್ಥಿರ ಉಪಗ್ರಹ. ನಾವು ಅಗಸ್ತ್ಯ ಎನ್ನುವ ನಕ್ಷತ್ರಕ್ಕೆ ಅರಬ್ಬರು ಇಟ್ಟ ಹೆಸರೇ ಇದಕ್ಕೂ ಬಂದಿದೆ. ದೂರದರ್ಶನದ ಕಾರ್ಯಕ್ರಮಗಳನ್ನು ಹೊರುವುದು ಇದರ ಮುಖ್ಯ ಕೆಲಸವಾದರೂ, ಇದರಲ್ಲಿ ಹ್ಯಾಮ್‌ಗಳಿಗೂ ಸ್ಥಳ ಕೊಟ್ಟಿದ್ದಾರೆ. ಹ್ಯಾಮ್‌ಗಳ ಬಾಯಲ್ಲಿ ಅದು 'ಕ್ಯೂಒ-100'. ಬೆಂಗಳೂರಿನಿಂದ ನೋಡಿದರೆ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿ ಸದಾ ಇರುತ್ತದೆ.

ಈ ವಿಷಯದ ಕಾರ್ಯಕ್ರಮಕ್ಕಾಗಿ ಹ್ಯಾಮ್ ಮಿತ್ರರೊಬ್ಬರ ಮನೆಯ ತಾರಸಿಯ ಮೇಲೆ ಚಿತ್ರೀಕರಣ ನಡೆಸುತ್ತಿದ್ದೆವು. 90 ಸೆಂಟಿಮೀಟರ್ ಡಿಶ್, ಟಿವಿಗೆ ಬಳಸುವ ಅಗ್ಗದ ಎಲ್‌ಎನ್‌ಬಿ, ಒಂದು ಕಂಪ್ಯೂಟರ್. ಯಾರದೋ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಮೋಡ ಸರಿದು ಬಿಸಿಲು ಬಿದ್ದದ್ದೇ ತಡ, ಆ ದನಿ ಬಾತುಕೋಳಿಯ ಕೂಗಿನಂತಾಗಿ, ಕ್ಷಣದಲ್ಲಿ ಮಾಯವಾಯಿತು. "ಉಪಗ್ರಹ ಜಾಗ ಬಿಟ್ಟು ಅಲುಗಾಡುತ್ತಿದೆ" ಎಂದು ನಾನು ನಿರೂಪಣೆಯಲ್ಲಿ ಬರೆದುಕೊಂಡೆ. ಮಿತ್ರರು ನಕ್ಕು, ಒದ್ದೆ ಬಟ್ಟೆಯೊಂದನ್ನು ತಂದು ಎಲ್‌ಎನ್‌ಬಿಯ ಮೇಲೆ ಹೊದಿಸಿದರು. ಪರದೆಯ ಮೇಲಿನ ಗೆರೆಗಳೆಲ್ಲ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯತೊಡಗಿದವು! ತಪ್ಪು ಆಕಾಶದಲ್ಲಿರಲಿಲ್ಲ, ತಾರಸಿಯಲ್ಲಿತ್ತು. ವಿಜ್ಞಾನ ಪದವೀಧರನಾದ ನಾನು ಆ ವಾಕ್ಯವನ್ನು ಅಲ್ಲೇ ಹೊಡೆದುಹಾಕಿದೆ. ಅದು ಹಾಗೆಯೇ ಪ್ರಸಾರವಾಗಿದ್ದರೆ ನಿಮ್ಮಲ್ಲಿ ಎಷ್ಟು ಮಂದಿ ಅದನ್ನೇ ನಂಬುತ್ತಿದ್ದಿರೋ!

ಒಂದು ಸಣ್ಣ ಲೆಕ್ಕ

ಎಲ್‌ಎನ್‌ಬಿಯೊಳಗೆ ನಡೆಯುವುದೇನು? ಉಪಗ್ರಹದಿಂದ ಬರುವ ಸಂಕೇತ 10,489.75 ಮೆಗಾಹರ್ಟ್ಸ್ ಎನ್ನೋಣ. ಅಷ್ಟು ಹೆಚ್ಚಿನ ಆವರ್ತನವನ್ನು ಸಾಧಾರಣ ತಂತಿಯಲ್ಲಿ ಕೆಳಗಿಳಿಸುವುದು ಕಷ್ಟ. ಆದ್ದರಿಂದ ಎಲ್‌ಎನ್‌ಬಿ ತನ್ನೊಳಗೇ 9,750 ಮೆಗಾಹರ್ಟ್ಸ್ ಆವರ್ತನವೊಂದನ್ನು ಹುಟ್ಟಿಸಿ, ಅದನ್ನು ಇದರಿಂದ ಕಳೆದು, ಉಳಿದ 739.75 ಮೆಗಾಹರ್ಟ್ಸನ್ನು ನಮಗೆ ಕೊಡುತ್ತದೆ. ಹಲವು ಎಲ್‌ಎನ್‌ಬಿಗಳಲ್ಲಿ ಈ 9,750ರ ತಾಯಿಬೇರು 25 ಮೆಗಾಹರ್ಟ್ಸಿನ ಒಂದು ಸ್ಫಟಿಕ. ಅದರ ಆವರ್ತನವನ್ನು 390 ಪಟ್ಟು ಹೆಚ್ಚಿಸಲಾಗುತ್ತದೆ. ಜೊತೆಗೆ ಅದರ ತಪ್ಪೂ 390 ಪಟ್ಟು ಹೆಚ್ಚುತ್ತದೆ.

ಸ್ಫಟಿಕವು ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿತು ಎನ್ನಿ. ನಿಮ್ಮ ಕೈಗಡಿಯಾರದಲ್ಲಿ ಅಷ್ಟು ತಪ್ಪಿದರೆ ವರ್ಷಕ್ಕೆ ಸುಮಾರು ಅರ್ಧ ನಿಮಿಷದ ವ್ಯತ್ಯಾಸ, ಯಾರೂ ದೂರುವುದಿಲ್ಲ. ಇಲ್ಲಿ ಅದು 25 ಹರ್ಟ್ಸ್. 390ರಿಂದ ಗುಣಿಸಿದರೆ 9,750 ಹರ್ಟ್ಸ್, ಅಂದರೆ ಹತ್ತಿರ ಹತ್ತಿರ 10 ಕಿಲೋಹರ್ಟ್ಸ್! ಟಿವಿ ಸಂಕೇತದ ಅಗಲ ಹಲವು ಮೆಗಾಹರ್ಟ್ಸ್, ಅದಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ ಹ್ಯಾಮ್‌ಗಳು ಎಸ್‌ಎಸ್‌ಬಿ ವಿಧಾನದಲ್ಲಿ ಮಾತನಾಡಲು ಬಳಸುವ ಜಾಗ 2.7 ಕಿಲೋಹರ್ಟ್ಸ್ ಮಾತ್ರ. ಹೆದ್ದಾರಿಯಲ್ಲಿ ಗಾಡಿ ಒಂದು ಗೇಣು ವಾಲಿದರೆ ಚಿಂತೆಯಿಲ್ಲ. ಗದ್ದೆಯ ಬದುವಿನ ಮೇಲೆ ಒಂದು ಗೇಣು ತಪ್ಪಿದರೆ ಕಾಲು ಕೆಸರಿನಲ್ಲಿ.

ಶ್ರುತಿ ಕೂಡಿಸುವ ದಾರಿಗಳು

ಮೊದಲನೆಯದು, ಒಳ್ಳೆಯ ಸ್ಫಟಿಕ. ಉಷ್ಣತೆ ಬದಲಾದಂತೆ ತನ್ನನ್ನು ತಾನೇ ತಿದ್ದಿಕೊಳ್ಳುವ ಆಂದೋಲಕಕ್ಕೆ ಟಿಸಿಎಕ್ಸ್‌ಒ ಎಂದು ಹೆಸರು. ಸ್ಫಟಿಕವನ್ನು ಪುಟ್ಟ ಬಿಸಿಗೂಡಿನಲ್ಲಿಟ್ಟು ಒಂದೇ ಉಷ್ಣತೆಯಲ್ಲಿ ಕಾಯುವುದು ಇನ್ನೂ ಉತ್ತಮ, ಅದು ಒಸಿಎಕ್ಸ್‌ಒ.

ಎರಡನೆಯದು, ಜಿಪಿಎಸ್. ಈ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಅವುಗಳ ಕಾಲಸಂಕೇತಕ್ಕೆ ಮನೆಯ ಆಂದೋಲಕವನ್ನು ಕಟ್ಟಿಹಾಕಿದರೆ ನೂರು ಕೋಟಿಯಲ್ಲಿ ಒಂದು ಪಾಲಿನ ನಿಖರತೆ ಸುಲಭವಾಗಿ ಸಿಗುತ್ತದೆ. ಆಗ ನಮ್ಮ 10 ಕಿಲೋಹರ್ಟ್ಸ್ ತಪ್ಪು 10 ಹರ್ಟ್ಸಿಗೆ ಇಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಗ್ಗ. ಕ್ಯೂಒ-100ರ ಹ್ಯಾಮ್ ಪಟ್ಟಿಯ ನಡುವೆ, ಸರಿಯಾಗಿ 10,489.75 ಮೆಗಾಹರ್ಟ್ಸಿನಲ್ಲಿ, ಒಂದು ದಾರಿದೀಪ ಸಂಕೇತ ಸದಾ ಕೇಳುತ್ತಿರುತ್ತದೆ. ಅದು ಇರಬೇಕಾದಲ್ಲಿಂದ ಎಷ್ಟು ಸರಿದಿದೆ ಎಂದು ಕಂಪ್ಯೂಟರ್ ನೋಡಿ, ಉಳಿದ ಸಂಕೇತಗಳನ್ನೆಲ್ಲ ಅಷ್ಟೇ ಹಿಂದಕ್ಕೆ ತರುತ್ತದೆ. ಇದೇ ಆಕಾಶದ ತಂಬೂರಿ!

ಕೇಳುವವರಿಗೆ ಇಷ್ಟು ಸಾಕು. ಮಾತನಾಡುವವರ ಹೊಣೆ ಹೆಚ್ಚಿನದು. ಆ ಪಟ್ಟಿಯ ಅಗಲ 500 ಕಿಲೋಹರ್ಟ್ಸ್ ಮಾತ್ರ. ಬ್ರೆಜಿಲ್‌ನಿಂದ ಥಾಯ್ಲೆಂಡ್‌ವರೆಗಿನ ಹ್ಯಾಮ್‌ಗಳು ಅದನ್ನು ಹಂಚಿಕೊಳ್ಳಬೇಕು. ನಿಮ್ಮ ಪ್ರೇಷಕದ ಶ್ರುತಿ ಜಾರಿದರೆ ನಷ್ಟ ನಿಮಗಷ್ಟೇ ಅಲ್ಲ, ಪಕ್ಕದಲ್ಲಿ ಮಾತನಾಡುತ್ತಿರುವವರ ಮಾತೂ ಕೆಡುತ್ತದೆ. ಆದ್ದರಿಂದಲೇ ಹ್ಯಾಮ್‌ಗಳು ತಮ್ಮ ದನಿ ಮೇಲೆ ಹೋಗಿ ಸುಮಾರು ಕಾಲು ಸೆಕೆಂಡಿನ ಬಳಿಕ ಮರಳುವುದನ್ನು ತಾವೇ ಕಿವಿಗೊಟ್ಟು ಆಲಿಸುತ್ತಾರೆ. ಪರವಾನಗಿಯ ಪರೀಕ್ಷೆ ಇರುವುದೂ, ಯಾವ ಪಟ್ಟಿಯಲ್ಲಿ ಎಷ್ಟು ಶಕ್ತಿ ಎಂಬ ಕಟ್ಟಳೆ ಇರುವುದೂ ಈ ಕಾರಣಕ್ಕೇ.

ನಿಮ್ಮೂರಿನಲ್ಲೋ ಕಾಲೇಜಿನಲ್ಲೋ ಹ್ಯಾಮ್ ಕ್ಲಬ್ ಇದ್ದರೆ ಒಮ್ಮೆ ಹೋಗಿ ಬನ್ನಿ. ಡಿಶ್ ಎಷ್ಟು ದೊಡ್ಡದು ಎಂದು ಎಲ್ಲರೂ ಕೇಳುತ್ತಾರೆ. ನೀವು ಮಾತ್ರ, "ನಿಮ್ಮ ಆಂದೋಲಕ ಯಾವುದು, ಬಿಸಿಲಿಗೆ ಎಷ್ಟು ಸರಿಯುತ್ತದೆ?" ಎಂದು ಕೇಳಿ ನೋಡಿ. ಅವರು ಕುರ್ಚಿ ಎಳೆದು ನಿಮ್ಮನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ.