ಸಭಾಂಗಣವೂ ಪರದೆಯೂ: ಅಧ್ಯಾಪಕರ ಕಮ್ಮಟಗಳಲ್ಲಿ ಮಿಶ್ರಕ್ರಮ

ಪಾಠ ಹೇಳುವವನಿಗೂ ಪಾಠ ಬೇಕೆಂಬುದು ಹೊಸ ಮಾತಲ್ಲ. ಕೆಲಸಕ್ಕೆ ಸೇರಿದಂದೇ ಓದನ್ನು ಕಟ್ಟಿಟ್ಟ ಅಧ್ಯಾಪಕನ ಟಿಪ್ಪಣಿ ಪುಸ್ತಕವು ವರ್ಷ ವರ್ಷಕ್ಕೆ ಹಳದಿಯಾಗುವುದನ್ನು ಅವನಿಗಿಂತ ಮೊದಲು ವಿದ್ಯಾರ್ಥಿಗಳೇ ಗುರುತಿಸುತ್ತಾರೆ. ಆದುದರಿಂದಲೇ ಸೇವೆಯಲ್ಲಿರುವ ಅಧ್ಯಾಪಕರಿಗಾಗಿ ಪುನಶ್ಚೇತನ ಶಿಬಿರಗಳೂ ಕಮ್ಮಟಗಳೂ ವಿಚಾರಗೋಷ್ಠಿಗಳೂ ಏರ್ಪಡುತ್ತವೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ವಿಶ್ವವಿದ್ಯಾನಿಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹುಟ್ಟಿಕೊಂಡುದೂ ಇದಕ್ಕಾಗಿಯೇ. ಹೆಸರು ಬದಲಾಗುತ್ತ ಬಂದು, 2023ರಿಂದ ಅವು ಮಾಳವೀಯ ಮಿಷನ್ ಕೇಂದ್ರಗಳಾಗಿವೆ. 2020ರ ಶಿಕ್ಷಣ ನೀತಿಯಂತೂ ಪ್ರತಿಯೊಬ್ಬ ಶಿಕ್ಷಕನೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ಕಾಲ ಇಂಥ ಕಲಿಕೆಯಲ್ಲಿ ತೊಡಗಬೇಕೆಂದು ಬಯಸುತ್ತದೆ.

ಐವತ್ತು ಗಂಟೆ ಎಂದರೆ ದಿನಕ್ಕೆ ಆರು ಗಂಟೆಯಂತೆ ಎಂಟು ದಿನಗಳಿಗೂ ಮಿಕ್ಕ ಕಾಲ. ಅದನ್ನು ಎಲ್ಲಿಂದ ತರಬೇಕು? ಬೀದರ್ ಜಿಲ್ಲೆಯ ಅಧ್ಯಾಪಕಿಯೊಬ್ಬಳು ಮೈಸೂರಿನ ಶಿಬಿರಕ್ಕೆ ಬರಬೇಕಾದರೆ ಏಳುನೂರು ಕಿಲೋಮೀಟರುಗಳಿಗೂ ಹೆಚ್ಚು ದೂರ ಪ್ರಯಾಣ ಮಾಡಬೇಕು. ಮನೆಯಲ್ಲಿ ಹಸುಗೂಸೋ ಹಾಸಿಗೆ ಹಿಡಿದ ಅತ್ತೆಯೋ ಇದ್ದರೆ ಆಕೆ ಬರುವುದೇ ಇಲ್ಲ. ಒಬ್ಬರೇ ಶಿಕ್ಷಕರಿರುವ ಶಾಲೆಯಿಂದಲೂ ಯಾರೂ ಬರುವಂತಿಲ್ಲ. ಬಂದರೆ ಶಾಲೆಗೆ ಬೀಗ. ಹೀಗೆ ತರಬೇತಿ ಯಾರಿಗೆ ಹೆಚ್ಚು ಬೇಕೋ ಅವರೇ ಅದರಿಂದ ದೂರ ಉಳಿಯುವರು. ಬರಲು ಅನುಕೂಲವಿದ್ದವರೇ ಮತ್ತೆ ಮತ್ತೆ ಬರುವರು. ಕೆಲವರು ಸಭಾಂಗಣದಲ್ಲಿಯೂ ಕೆಲವರು ಅಂತರಜಾಲದ ಮೂಲಕ ಪರದೆಯ ಮೇಲೂ ಸೇರುವ ಮಿಶ್ರಕ್ರಮಕ್ಕೆ ಬೆಲೆ ಬಂದಿರುವುದು ಈ ಕಾರಣದಿಂದ. ಅದರ ಸ್ವರೂಪವೇನು, ಅದು ಎಲ್ಲಿ ಕೆಡುತ್ತದೆ, ಕೆಡದಂತೆ ನಡೆಸುವುದು ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ವಿವೇಚಿಸಬಹುದು.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಮಿಶ್ರಕ್ರಮವೆಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆ. ಎಲ್ಲರೂ ಕೆಲವು ದಿನ ದೂರದಿಂದ ಕಲಿತು, ಕೆಲವು ದಿನ ಒಂದೆಡೆ ಕೂಡುವುದು ಒಂದು ಬಗೆ. ಇದನ್ನು ಸರದಿಯ ಮಿಶ್ರಣ ಎನ್ನೋಣ. ಒಂದೇ ಗಳಿಗೆಯಲ್ಲಿ ಕೆಲವರು ಇಲ್ಲಿ, ಕೆಲವರು ಅಲ್ಲಿ ಇರುವುದು ಇನ್ನೊಂದು. ಇದು ಏಕಕಾಲದ ಮಿಶ್ರಣ. ಮೊದಲನೆಯದು ಸುಲಭ, ಹಳೆಯದು. ಎರಡನೆಯದು ಹೊಸದು, ನೋಡುವುದಕ್ಕೆ ಸುಲಭ, ನಡೆಸುವುದಕ್ಕೆ ಕಷ್ಟ.

ಸರದಿಯ ಮಿಶ್ರಣ ನಮ್ಮ ನಾಡಿಗೆ ಪರಿಚಿತವಾದುದೇ. 1963ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾದ ರೀಜನಲ್ ಕಾಲೇಜ್ ಆಫ್ ಎಜುಕೇಶನ್ ಆ ದಶಕದಲ್ಲಿಯೇ ಉಪಾಧ್ಯಾಯರಿಗೆ ಬೇಸಗೆಯ ಶಾಲೆಯನ್ನೂ ಅಂಚೆಯ ಪಾಠವನ್ನೂ ಸೇರಿಸಿ ಬಿ.ಎಡ್. ಶಿಕ್ಷಣ ಕೊಡತೊಡಗಿತು. ಬೇಸಗೆಯ ರಜೆಯಲ್ಲಿ ಕಾಲೇಜಿಗೆ ಬಂದು ಕಲಿಯುವುದು, ಉಳಿದ ತಿಂಗಳುಗಳಲ್ಲಿ ತಮ್ಮ ತಮ್ಮ ಶಾಲೆಗಳಲ್ಲಿ ಪಾಠ ಹೇಳುತ್ತ ಅಂಚೆಯಲ್ಲಿ ಬಂದ ಅಭ್ಯಾಸಗಳನ್ನು ಬರೆದು ಕಳುಹಿಸುವುದು. ಅಂತರಜಾಲದ ಹೆಸರನ್ನೇ ಯಾರೂ ಕೇಳಿರದ ಕಾಲವದು. ಆದರೂ ತತ್ತ್ವ ಇಂದಿನದೇ.

ಅದಕ್ಕಿಂತಲೂ ದೊಡ್ಡ ಪ್ರಯೋಗ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಯೋಜನೆಯದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎ.ಟಿ.ಎಸ್-6 ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಿತ್ತರವಾದುವು. ಕರ್ನಾಟಕದಲ್ಲಿ ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದುವು. ರೈತರಿಗೂ ಮಕ್ಕಳಿಗೂ ನಡೆದ ಪ್ರಸಾರ ಎಲ್ಲರಿಗೂ ನೆನಪಿದೆ. ಅದೇ ವರ್ಷ ಎರಡು ಸುತ್ತುಗಳಲ್ಲಿ ಸುಮಾರು 48,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನಬೋಧನೆಯ ತರಬೇತಿ ನಡೆಯಿತೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಅದರ ವಿಶೇಷವೆಂದರೆ ಶಿಕ್ಷಕರನ್ನು ಬರಿಯ ಪೆಟ್ಟಿಗೆಯ ಮುಂದೆ ಕೂರಿಸಿ ಬಿಡಲಿಲ್ಲ. ಟೆಲಿವಿಷನ್ನಿನ ಜೊತೆಗೆ ಮುದ್ರಿತ ಪಾಠಗಳಿದ್ದುವು, ರೇಡಿಯೋ ಇತ್ತು, ಕೈಯಾರೆ ಮಾಡಬೇಕಾದ ಪ್ರಯೋಗಗಳಿದ್ದುವು. ಶಿಕ್ಷಕರು ಹತ್ತಿರದ ಹಳ್ಳಿಯಲ್ಲಿ ಗುಂಪಾಗಿ ಕೂಡುತ್ತಿದ್ದರು, ಗುಂಪನ್ನು ನಡೆಸಲು ಒಬ್ಬ ಶಿಕ್ಷಕನಿರುತ್ತಿದ್ದನು. ಪಾಠ ದೂರದ್ದು, ಗೋಷ್ಠಿ ಹತ್ತಿರದ್ದು.

ಆದರೆ ಆಗ ಹಳ್ಳಿಯಿಂದ ಮಾತು ಹಿಂತಿರುಗಿ ಹೋಗುವ ದಾರಿಯಿರಲಿಲ್ಲ. ಆ ಕೊರತೆಯನ್ನು ನೀಗಿದ ಪ್ರಯೋಗವೂ ಕರ್ನಾಟಕದಲ್ಲಿಯೇ ನಡೆಯಿತು. 1996ರ ಜನವರಿಯಲ್ಲಿ 20 ಕೇಂದ್ರಗಳಲ್ಲಿ ಕುಳಿತ ಸುಮಾರು 850 ಪ್ರಾಥಮಿಕ ಶಿಕ್ಷಕರಿಗೆ ಏಳು ದಿನಗಳ ತರಬೇತಿಯನ್ನು ಉಪಗ್ರಹದ ಮೂಲಕ ಕೊಡಲಾಯಿತು. ಚಿತ್ರ ಒಂದೇ ಕಡೆಯಿಂದ ಬರುತ್ತಿತ್ತು. ಮಾತು ಮಾತ್ರ ಎರಡು ಕಡೆಯಿಂದಲೂ ಹೋಗಬಹುದಾಗಿತ್ತು. ಅದೇ ವರ್ಷ ಮಧ್ಯಪ್ರದೇಶದಲ್ಲಿ ಇದು ಮತ್ತಷ್ಟು ವಿಸ್ತಾರವಾಗಿ ನಡೆಯಿತು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಈ ಮಾರ್ಗದ ಮುಂದಿನ ಹೆಜ್ಜೆ. 2019ರ ಆಗಸ್ಟಿನಲ್ಲಿ ಸುಮಾರು 42 ಲಕ್ಷ ಶಿಕ್ಷಕರನ್ನು ಗುರಿಯಾಗಿಟ್ಟುಕೊಂಡು ಮುಖಾಮುಖಿಯಾಗಿ ಪ್ರಾರಂಭವಾದ ನಿಷ್ಠಾ ತರಬೇತಿಯು, ಕೋವಿಡ್ ಬಂದು 2020ರ ಅಕ್ಟೋಬರಿನಲ್ಲಿ ಪೂರ್ಣವಾಗಿ ದೀಕ್ಷಾ ಎಂಬ ಅಂತರಜಾಲ ವೇದಿಕೆಗೆ ವರ್ಗವಾಯಿತು. ಕಾಲೇಜುಗಳ ವಿಷಯದಲ್ಲಿ, ಒಂದು ವಿಷಯದ ಬೋಧನೆಯಲ್ಲಿ ನೂರಕ್ಕೆ 40ರವರೆಗೆ ಅಂತರಜಾಲದಲ್ಲಿ ನಡೆಸಬಹುದೆಂಬ ಸಲಹೆಯನ್ನು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2021ರಲ್ಲಿ ಮುಂದಿಟ್ಟಿತು.

ಇನ್ನು ಏಕಕಾಲದ ಮಿಶ್ರಣದ ಮಾತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾನಿಲಯದ ಬ್ರಯಾನ್ ಬೀಟಿ ಎಂಬವರು 2006ರ ಸುಮಾರಿಗೆ ಇದಕ್ಕೊಂದು ಕ್ರಮ ಕೊಟ್ಟು ‘ಹೈಫ್ಲೆಕ್ಸ್’ ಎಂದು ಹೆಸರಿಸಿದರು. ಬರುವುದೋ ದೂರದಿಂದ ಸೇರುವುದೋ ಕಲಿಯುವವನ ಆಯ್ಕೆ. ಆದರೆ ಯಾವ ದಾರಿಯಲ್ಲಿ ಬಂದರೂ ಕಲಿಕೆಯ ಫಲ ಸಮಾನವಾಗಿರಬೇಕು ಎಂಬುದು ಅದರ ಜೀವಾಳ. ಈ ಎರಡನೆಯ ಮಾತು ಹೇಳಿದಷ್ಟು ಸುಲಭವಲ್ಲ. ಸಾಮಾನ್ಯವಾಗಿ ನಡೆಯುವುದೇನು? ಸಭಾಂಗಣದ ಹಿಂದೆ ಒಂದು ಕ್ಯಾಮರಾ ನಿಲ್ಲಿಸಿ, ಕೊಂಡಿಯನ್ನು ಎಲ್ಲರಿಗೂ ಕಳುಹಿಸಿ, ಮಿಶ್ರಕ್ರಮವಾಯಿತೆಂದು ಸಂಘಟಕರು ಸಂತೋಷಪಡುವರು. ದೂರದಲ್ಲಿರುವವನಿಗೆ ಭಾಷಣಕಾರರ ತಲೆಯ ಹಿಂಭಾಗ ಚೆನ್ನಾಗಿ ಕಾಣುತ್ತದೆ.

ಇಲ್ಲಿ ಕೆಡುವುದು ಚಿತ್ರವಲ್ಲ, ಧ್ವನಿ. ಇದಕ್ಕೆ ಕಾರಣವನ್ನು ತಿಳಿದರೆ ಪರಿಹಾರವೂ ತಿಳಿಯುತ್ತದೆ. ಸಭೆಯಲ್ಲಿ ಕುಳಿತವನಿಗೆ ಎರಡು ಕಿವಿಗಳಿವೆ. ಮಾತು ಬಂದ ದಿಕ್ಕನ್ನು ಅವು ಗುರುತಿಸುತ್ತವೆ, ಬೇಡವಾದ ಗದ್ದಲವನ್ನು ಮಿದುಳು ಬದಿಗೆ ಸರಿಸುತ್ತದೆ. ಒಂಟಿ ಮೈಕಿಗೆ ಈ ಶಕ್ತಿಯಿಲ್ಲ. ಫ್ಯಾನಿನ ಸದ್ದು, ಕುರ್ಚಿಯ ಕಿರುಗುಟ್ಟು, ಗೋಡೆಯಿಂದ ಮರಳಿದ ಪ್ರತಿಧ್ವನಿ ಎಲ್ಲವೂ ಅದಕ್ಕೆ ಒಂದೇ. ಅದರ ಮೇಲೆ ದೂರದ ಲೆಕ್ಕ ಬೇರೆ. ಬಾಯಿಯಿಂದ ನೇರವಾಗಿ ಬರುವ ಧ್ವನಿಯ ತೀವ್ರತೆ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ: ಒಂದು ಅಡಿಯಲ್ಲಿದ್ದ ಮೈಕು ಹದಿನಾರು ಅಡಿಗೆ ಸರಿದರೆ ಅದಕ್ಕೆ ತಲಪುವುದು 256ರಲ್ಲಿ ಒಂದು ಪಾಲು. ಪ್ರತಿಧ್ವನಿಯಾದರೋ ಕೋಣೆಯಲ್ಲೆಲ್ಲ ಹೆಚ್ಚು ಕಡಮೆ ಒಂದೇ ಸಮನಾಗಿರುತ್ತದೆ. ಹಾಗಾಗಿ ಹಿಂದಿನ ಬೆಂಚಿನಿಂದ ಎದ್ದು ನಿಂತು ಒಬ್ಬರು ಒಳ್ಳೆಯ ಪ್ರಶ್ನೆಯನ್ನು ಕೇಳಿದಾಗ ಸಭೆ ನಗುತ್ತದೆ ಅಥವಾ ಚಪ್ಪಾಳೆ ತಟ್ಟುತ್ತದೆ. ಪರದೆಯವರಿಗೆ ಕೇಳಿಸುವುದು ಮೋಡದ ಗುಡುಗಿನಂಥ ಸದ್ದು, ಆಮೇಲೆ ಉತ್ತರ ಮಾತ್ರ. ಪ್ರಶ್ನೆಯಿಲ್ಲದ ಉತ್ತರವನ್ನು ಎಷ್ಟು ಹೊತ್ತು ಕೇಳುತ್ತ ಕೂರಬಹುದು?

ಎರಡನೆಯ ತೊಡಕು ಸರದಿಯದು. ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಮೊದಲಾಗುವ ನಡುವಣ ಅಂತರ ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟೇ ಎಂದು ಕಂಡುಬಂದಿತು. ದೂರಸಂಪರ್ಕದಲ್ಲಿ ಮಾತು ಒಂದು ಕಡೆ ತಲಪಲು 150 ಮಿಲಿಸೆಕೆಂಡಿನೊಳಗಾದರೆ ಉತ್ತಮವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿದೆ. ಆ ಉತ್ತಮ ಸ್ಥಿತಿಯಲ್ಲಿಯೇ ಹೋಗಿ ಬರುವುದಕ್ಕೆ 300 ಮಿಲಿಸೆಕೆಂಡು ಆಯಿತು. ಸಂಭಾಷಣೆಯ ಸಹಜವಾದ ಬಿಡುವಿಗಿಂತ ಇದೇ ಹೆಚ್ಚು. ಆದುದರಿಂದ ದೂರದಲ್ಲಿರುವವನು ಬಾಯಿ ತೆರೆಯುವಷ್ಟರಲ್ಲಿ ಸಭಾಂಗಣದ ಯಾರಾದರೊಬ್ಬರು ಮಾತನ್ನು ಕಸಿದುಕೊಂಡಿರುತ್ತಾರೆ. ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲ ಅವನು ಸುಮ್ಮನಾಗುವನು. ‘ಆನ್‌ಲೈನಿನವರಿಗೆ ಆಸಕ್ತಿಯೇ ಇಲ್ಲ’ ಎಂದು ಅಧ್ಯಕ್ಷರು ಹೇಳುವುದುಂಟು. ಇದು ಅನ್ಯಾಯದ ಮಾತು.

ಪರಿಹಾರಗಳು ಅಂಥ ದುಬಾರಿಯವೇನೂ ಅಲ್ಲ. ಕೈಯಿಂದ ಕೈಗೆ ಹೋಗುವ ಮೈಕು ಇರಬೇಕು. ಅದಿಲ್ಲದಿದ್ದರೆ, ಪ್ರಶ್ನೆಯನ್ನು ಮೈಕಿನಲ್ಲಿ ಪುನಃ ಹೇಳಿಯೇ ಉತ್ತರ ಕೊಡುವುದೆಂದು ಭಾಷಣಕಾರರು ಒಪ್ಪಿಕೊಳ್ಳಬೇಕು. ಮೊದಲ ಪ್ರಶ್ನೆಯನ್ನು ಪರದೆಯವರಿಗೆ ಬಿಡಬೇಕು. ಆಗ ಸಭೆಗೆ ಅವರ ಇರವು ಮನವರಿಕೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಪರದೆಯವರ ಪರವಾಗಿ ಒಬ್ಬ ವಕೀಲ ಬೇಕು: ಸಭಾಂಗಣದಲ್ಲಿ ಕುಳಿತು, ದೂರದವರು ಬರೆದು ಕಳುಹಿಸಿದುದನ್ನು ಓದುತ್ತ, ಅವಶ್ಯಕವಾದಾಗ ಸಂಕೋಚವಿಲ್ಲದೆ ಎದ್ದು ‘ಸ್ವಾಮಿ, ಶಿರಸಿಯಿಂದ ಒಂದು ಪ್ರಶ್ನೆಯಿದೆ’ ಎಂದು ಭಾಷಣವನ್ನು ತಡೆಯುವವನು. ಈ ಕೆಲಸವನ್ನು ಕಂಪ್ಯೂಟರು ನೋಡಿಕೊಳ್ಳುವ ಸಿಬ್ಬಂದಿಗೇ ವಹಿಸುವುದು ಸರಿಯಲ್ಲ. ತಂತಿ ಸರಿಪಡಿಸುವವನಿಗೆ ಪ್ರಶ್ನೆ ಓದಲು ಬಿಡುವಿರುವುದಿಲ್ಲ. ಗುಂಪು ಚರ್ಚೆಯಲ್ಲಿ ಸಭೆಯವರನ್ನೂ ಪರದೆಯವರನ್ನೂ ಬೆರೆಸಲು ಹವಣಿಸದೆ, ಪರದೆಯವರದೇ ಬೇರೆ ಗುಂಪುಗಳನ್ನು ಮಾಡಿ ವರದಿಯನ್ನು ಮಾತ್ರ ಎಲ್ಲರೆದುರು ಓದಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಧ್ವನಿಯನ್ನು ಸರಿಪಡಿಸಿದರೂ ಬಡತನದ ಪ್ರಶ್ನೆ ಉಳಿಯುತ್ತದೆ. ಚಿತ್ರಸಹಿತವಾದ ಸಭೆ ಗಂಟೆಗೆ ಸುಮಾರು ಒಂದು ಜಿ.ಬಿ.ಯಷ್ಟು ಡೇಟಾ ನುಂಗುತ್ತದೆ. ದಿನಕ್ಕೆ ಒಂದೂವರೆ ಜಿ.ಬಿ. ಕೊಡುವ ಮೊಬೈಲ್ ಯೋಜನೆಯಲ್ಲಿರುವ ಶಿಕ್ಷಕನಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಕಮ್ಮಟ ಮುಗಿದುಹೋಗುತ್ತದೆ. ಮಲೆನಾಡಿನ ಕೊಳ್ಳಗಳಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವವರ ಕಥೆ ಎಲ್ಲರಿಗೂ ಗೊತ್ತಿದೆ. ಧ್ವನಿ ಮಾತ್ರ ಸಾಕೆಂದರೆ ಖರ್ಚು ಬಹಳ ಕಡಮೆಯಾಗುತ್ತದೆ. ಚಿತ್ರಪಟಗಳನ್ನು ಹಿಂದಿನ ದಿನವೇ ಕಳುಹಿಸಿದ್ದರೆ ಏನೂ ನಷ್ಟವಿಲ್ಲ. ಪ್ರತಿಯೊಬ್ಬರೂ ಕ್ಯಾಮರಾ ತೆರೆದಿಟ್ಟಿರಲೇಬೇಕೆಂಬ ಆಜ್ಞೆ ಹಾಜರಿ ಹಿಡಿಯುವವರಿಗೆ ಅನುಕೂಲ, ಕಲಿಯುವವರಿಗಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಬಿಡುವಿನ ಪ್ರಶ್ನೆ. ಊರು ಬಿಟ್ಟು ಶಿಬಿರಕ್ಕೆ ಹೋದವರಿಗೆ ‘ಅನ್ಯ ಕಾರ್ಯ ನಿಮಿತ್ತ’ ಎಂಬ ಆದೇಶವಿರುತ್ತದೆ. ಅವರ ತರಗತಿಗಳನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಇದ್ದಲ್ಲಿಂದಲೇ ಪರದೆಗೆ ಸೇರಿದವರಿಗೋ, ಮೊಬೈಲು ಒಂದು ಕೈಯಲ್ಲಿ, ಹಾಜರಿ ಪುಸ್ತಕ ಇನ್ನೊಂದು ಕೈಯಲ್ಲಿ. ಮನೆಯಿಂದ ಸೇರಿದ ಅಧ್ಯಾಪಕಿಯರ ಪಾಡು ಇನ್ನೂ ಹೆಚ್ಚಿನದು; ಒಲೆಯ ಮೇಲೆ ಸಾರು, ಕಿವಿಯಲ್ಲಿ ರಚನಾವಾದ. ಮನೆಯಲ್ಲಿರುವವಳು ಬಿಡುವಾಗಿಯೇ ಇದ್ದಾಳೆಂದು ಮನೆಯವರು ತಿಳಿದರೆ ಅದನ್ನು ತಂತ್ರಜ್ಞಾನ ತಿದ್ದಲಾರದು. ದೂರದಿಂದ ಸೇರುವವರಿಗೂ ಅಷ್ಟು ಹೊತ್ತು ಬೇರೆ ಕೆಲಸದಿಂದ ವಿನಾಯಿತಿ ಕೊಡುವ ಆದೇಶ ಹೊರಡದಿದ್ದರೆ, ಮಿಶ್ರಕ್ರಮವೆಂದರೆ ಪ್ರಯಾಣಭತ್ಯವನ್ನು ಉಳಿಸುವ ಉಪಾಯವಷ್ಟೇ ಆಗುತ್ತದೆ.

ಇಲ್ಲಿಯೇ 1975ರ ಮತ್ತು 1996ರ ಪ್ರಯೋಗಗಳು ನೆನಪಾಗಬೇಕು. ಅಂದು ಶಿಕ್ಷಕರು ಒಬ್ಬೊಬ್ಬರಾಗಿ ಪರದೆ ನೋಡಲಿಲ್ಲ. ಹತ್ತಿರದ ಕೇಂದ್ರದಲ್ಲಿ ಕೂಡಿ ನೋಡಿದರು. ಇಂದಿಗೂ ತಾಲ್ಲೂಕು ಕೇಂದ್ರದ ಒಂದು ಕಾಲೇಜಿನಲ್ಲಿ ಹತ್ತು ಹನ್ನೆರಡು ಮಂದಿ ಸೇರಿ, ಒಂದು ಒಳ್ಳೆಯ ಅಂತರಜಾಲ ಸಂಪರ್ಕ, ಒಂದು ದೊಡ್ಡ ಪರದೆ, ಒಂದು ಮೈಕು ಇಟ್ಟುಕೊಂಡರೆ ಮೇಲಿನ ಕಷ್ಟಗಳಲ್ಲಿ ಅರ್ಧ ಕಳೆಯುತ್ತವೆ. ಬೆಳಗ್ಗೆ ಬಂದು ಸಂಜೆ ಮನೆಗೆ ಹಿಂತಿರುಗಬಹುದು. ಆದೇಶ ಹೊರಡಿಸುವುದೂ ಸುಲಭ. ಸಂಪರ್ಕ ಕಡಿದರೂ ಗೋಷ್ಠಿ ನಿಲ್ಲುವುದಿಲ್ಲ. ಉಪ್ಪಿಟ್ಟು ಕಾಫಿಯ ಹೊತ್ತಿನ ಮಾತುಕತೆಯೂ ಸಿಗುತ್ತದೆ. ಇದನ್ನು ಹಗುರವಾಗಿ ಎಣಿಸಬಾರದು: ಭಾಷಣದಲ್ಲಿ ಕೇಳಿದ ವಿಧಾನ ತನ್ನ ಅರವತ್ತು ಮಂದಿಯ ತರಗತಿಯಲ್ಲಿ ನಡೆದೀತೇ ಎಂಬ ಅನುಮಾನವನ್ನು ಉಪಾಧ್ಯಾಯನು ವೇದಿಕೆಯ ಮುಂದೆ ಹೇಳಲಾರ, ಪಕ್ಕದವನಿಗೆ ಹೇಳುತ್ತಾನೆ.

ಹಾಗಾದರೆ ಮಿಶ್ರಕ್ರಮದಿಂದ ಕಲಿಕೆ ಹೆಚ್ಚುತ್ತದೆಯೇ? ಅಮೆರಿಕದ ಶಿಕ್ಷಣ ಇಲಾಖೆಗಾಗಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಸಿದ್ಧಪಡಿಸಿದ 2010ರ ವರದಿಯಲ್ಲಿ, ಬರಿಯ ಮುಖಾಮುಖಿ ಬೋಧನೆಗಿಂತ ಮಿಶ್ರಣದಲ್ಲಿ ಫಲ ಸ್ವಲ್ಪ ಹೆಚ್ಚೆಂದು ಕಂಡುಬಂದಿತು. ಆದರೆ ಅದನ್ನು ಮಾಧ್ಯಮದ ಮಹಿಮೆಯೆಂದು ತಿಳಿಯಬಾರದೆಂದು ಲೇಖಕರೇ ಎಚ್ಚರಿಸಿದ್ದಾರೆ. ಮಿಶ್ರಕ್ರಮದವರಿಗೆ ಹೆಚ್ಚು ಕಾಲವೂ ಹೆಚ್ಚಿನ ಪಾಠಸಾಮಗ್ರಿಯೂ ದೊರೆತಿದ್ದುವು. ರಿಚರ್ಡ್ ಕ್ಲಾರ್ಕ್ ಎಂಬ ವಿದ್ವಾಂಸರು 1983ರಲ್ಲಿಯೇ ಮಾಧ್ಯಮವು ಕೇವಲ ವಾಹನ, ಕಲಿಕೆಗೆ ಕಾರಣವಾಗುವುದು ಬೋಧನೆಯ ರೀತಿ ಎಂದು ವಾದಿಸಿದ್ದರು. ಈ ವಾದ ಇನ್ನೂ ಮುಗಿದಿಲ್ಲ.

ಯಾವುದನ್ನು ಎಲ್ಲಿ ಇಡಬೇಕೆಂಬುದು ವಿಷಯವನ್ನು ಅವಲಂಬಿಸಿದೆ. ಓದಿ ಬರಬೇಕಾದುದು, ಕೇಳಿ ತಿಳಿಯಬೇಕಾದುದು ಮೊದಲೇ ಪರದೆಯಲ್ಲಿ ಆಗಲಿ. ಮಾದರಿ ಪಾಠ ಹೇಳಿ ಇತರರಿಂದ ಟೀಕೆ ಕೇಳುವುದು, ಪ್ರಯೋಗ ಮಾಡುವುದು, ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಅಂಕ ಕೊಡುವ ಬಗ್ಗೆ ಜಗಳವಾಡುವುದು, ಇವು ಒಂದೆಡೆ ಸೇರಿದಾಗಲೇ ಸೊಗಸು. ಭಾಷಣದ ಧ್ವನಿಮುದ್ರಿಕೆಯನ್ನು ಮೂರು ಗಂಟೆಗಳ ಒಂದೇ ಉದ್ದನೆಯ ಕಡತವಾಗಿ ಕಳುಹಿಸಿದರೆ ಯಾರೂ ತೆರೆಯುವುದಿಲ್ಲ. ಹತ್ತು ಹತ್ತು ನಿಮಿಷಗಳ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ಅದರಲ್ಲಿ ಉತ್ತರ ಸಿಗುವ ಪ್ರಶ್ನೆಯನ್ನೇ ಹೆಸರಾಗಿ ಇಟ್ಟರೆ ತೆರೆದು ನೋಡುವವರು ಸಿಕ್ಕಾರು. ನಮ್ಮ ಕಾಲೇಜಿನ ಬಿ.ಎ. ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಕೆಲಸವದು. ಪರದೆಯವರ ವಕೀಲಿಯನ್ನೂ ಅವರಲ್ಲಿಯೇ ಇಬ್ಬರಿಗೆ ಸರದಿಯ ಮೇಲೆ ವಹಿಸಬಹುದು.