ಒಂದು ಸಾಲಿನ ಎಡವಟ್ಟು, ಮೆಸ್‌ನಲ್ಲಿ ಚಪಾತಿ ಖಾಲಿ!

‘ಎಂಥದು ಮಾರಾಯ, ನಿನ್ನ ಆ್ಯಪಲ್ಲೇ ಮೂವತ್ತು ಜನ ಅಂತಿತ್ತಲ್ಲ!’

ಹಾಸ್ಟೆಲ್ ಮೆಸ್‌ನ ಭಟ್ರು ಮೊಬೈಲ್ ಹಿಡಿದು ಕೇಳಿದಾಗ ನನ್ನ ಬಾಯಿ ಒಣಗಿತ್ತು. ಎದುರಿಗೆ ತಟ್ಟೆ ಹಿಡಿದ ನೂರಕ್ಕೂ ಹೆಚ್ಚು ಹುಡುಗರ ಸಾಲು. ಮರುದಿನದಿಂದ ರಜೆ ಇದ್ದುದರಿಂದ ಎಲ್ಲರೂ ಊರಿಗೆ ಹೋಗಿರಬೇಕು ಎಂದುಕೊಂಡ ಭಟ್ರು ಮೂವತ್ತು ಜನರಿಗಷ್ಟೇ ಚಪಾತಿ ಮಾಡಿದ್ದರು.

ಆ ಆ್ಯಪ್ ನಮ್ಮ ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್. ರಾತ್ರಿ ಊಟ ಬೇಕೋ ಬೇಡವೋ ಎಂದು ಹುಡುಗರು ಸಂಜೆಯೊಳಗೆ ಒತ್ತಬೇಕು, ಭಟ್ರಿಗೆ ಲೆಕ್ಕ ಸಿಗಬೇಕು. ಅನ್ನ ದಂಡವಾಗಬಾರದು ಎಂಬ ಒಳ್ಳೆಯ ಉದ್ದೇಶವೇ. ಆದರೆ ಎಡವಿದ್ದೆಲ್ಲಿ?

ನನ್ನ ಲ್ಯಾಪ್‌ಟಾಪ್‌ನಲ್ಲಿ ಆ್ಯಪ್ ಚೆನ್ನಾಗಿಯೇ ಓಡುತ್ತಿತ್ತು. ರಿವ್ಯೂ ಹಿಂದಿನ ರಾತ್ರಿ ಸರ್ವರ್‌ಗೆ ಹಾಕಿದರೆ ಏಳಲೇ ಇಲ್ಲ. ಕಾರಣ, ಕೋಡ್‌ನಲ್ಲಿ ಡೇಟಾಬೇಸ್ ವಿಳಾಸ ‘ಲೋಕಲ್‌ಹೋಸ್ಟ್’ ಎಂದಿತ್ತು. ಅಂದರೆ ‘ಇದೇ ಯಂತ್ರದಲ್ಲಿ ಹುಡುಕು’ ಎಂದರ್ಥ. ಸರ್ವರ್ ತನ್ನಲ್ಲಿಲ್ಲದ ಡೇಟಾಬೇಸನ್ನು ತನ್ನಲ್ಲೇ ಹುಡುಕುತ್ತಿತ್ತು! ಸರಿರಾತ್ರಿಯಲ್ಲಿ ನಾನು ಕೋಡ್‌ನೊಳಗೇ ಅಸಲಿ ಡೇಟಾಬೇಸ್‌ನ ವಿಳಾಸ, ಪಾಸ್‌ವರ್ಡ್ ಬರೆದೆ. ಓಡಿತು. ರಿವ್ಯೂನಲ್ಲಿ ಮೆಚ್ಚುಗೆಯೂ ಸಿಕ್ಕಿತು.

ಕೆಲವು ದಿನಗಳ ನಂತರ ಹೊಸ ಫೀಚರ್ ಸೇರಿಸಿ, ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಓಡಿಸಿದೆ. ಆ ಟೆಸ್ಟ್ ಮೊದಲು ಇರುವುದೆಲ್ಲವನ್ನೂ ಅಳಿಸಿ, ಮೂವತ್ತು ಸುಳ್ಳು ಹೆಸರು ತುಂಬಿ ಪರೀಕ್ಷಿಸುತ್ತದೆ. ಬದಲಾಯಿಸಲು ಮರೆತ ಆ ಒಂದು ಸಾಲಿನಿಂದಾಗಿ ಅಳಿಸಿ ಹೋಗಿದ್ದು ಹುಡುಗರ ಅಸಲಿ ಲೆಕ್ಕ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ! ಅಂದು ರಾತ್ರಿ ಭಟ್ರು ಬೈಯದೆ ಮತ್ತೆ ಒಲೆ ಹಚ್ಚಿ ಉಪ್ಪಿಟ್ಟು ಮಾಡಿದರು. ಕಣ್ಣೀರು ಸುರಿಸುತ್ತಾ ಈರುಳ್ಳಿ ಹೆಚ್ಚಿದ್ದು ನಮ್ಮ ಪ್ರಾಜೆಕ್ಟ್ ತಂಡ.

ಮರುವಾರ ಸೀನಿಯರ್ ಅಕ್ಕನೊಬ್ಬರಿಗೆ ಕೋಡ್ ತೋರಿಸಿದೆ. ಅವರು ಒಂದು ಸರಳ ಮಾತು ಹೇಳಿದರು: ‘ಮನೆಯಲ್ಲಿ ಲುಂಗಿ ಉಡ್ತೀಯ, ಮದುವೆಗೆ ಪಂಚೆ ಉಡ್ತೀಯ. ಮನುಷ್ಯ ಒಬ್ಬನೇ ತಾನೆ? ಕೋಡ್ ಕೂಡ ಹಾಗೇ. ಜಾಗಕ್ಕೆ ತಕ್ಕಂತೆ ಬದಲಾಗೋದನ್ನೆಲ್ಲ ಹೊರಗಿಡು.’

ಈಗ ನಮ್ಮ ಆ್ಯಪ್‌ಗೆ ಮೂರು ಉಡುಪು: ಲ್ಯಾಪ್‌ಟಾಪ್‌ಗೆ ಒಂದು, ಟೆಸ್ಟ್‌ಗೆ ಒಂದು, ಅಸಲಿ ಬಳಕೆಗೆ ಇನ್ನೊಂದು. ಡೇಟಾಬೇಸ್ ವಿಳಾಸ, ಪಾಸ್‌ವರ್ಡ್, ಮೇಲ್ ಕಳಿಸುವ ಕೀಲಿ ಯಾವುದೂ ಕೋಡ್‌ನಲ್ಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ‘ಡಾಟ್ ಎನ್ವ್’ ಎಂಬ ಪುಟ್ಟ ಫೈಲಿನಲ್ಲಿವೆ, ಸರ್ವರ್‌ನಲ್ಲಿ ಅದರದ್ದೇ ಸೆಟ್ಟಿಂಗ್‌ನಲ್ಲಿವೆ. ತಂಡದವರಿಗಾಗಿ ಬರೀ ಹೆಸರುಗಳಿರುವ, ಬೆಲೆಗಳು ಖಾಲಿ ಇರುವ ಮಾದರಿ ಫೈಲ್ ಇಟ್ಟಿದ್ದೇವೆ. ಒಂದು ಬೆಲೆ ತುಂಬದಿದ್ದರೂ ಆ್ಯಪ್ ಏಳದೆ, ಯಾವುದು ಇಲ್ಲ ಎಂದು ಹೇಳುತ್ತದೆ. ಟೆಸ್ಟ್ ಅಂತೂ ತನ್ನದಲ್ಲದ ಡೇಟಾಬೇಸ್ ಕಂಡರೆ ಅಲ್ಲೇ ನಿಲ್ಲುತ್ತದೆ.

ಅಕ್ಕ ಇನ್ನೊಂದು ತಪ್ಪನ್ನೂ ಹಿಡಿದರು. ನನ್ನ ಪಾಸ್‌ವರ್ಡ್ ಕೋಡ್ ಜೊತೆ ಗಿಟ್‌ಹಬ್‌ಗೂ ಹೋಗಿತ್ತು. ಆ ಸಾಲನ್ನು ಅಳಿಸಿದರೆ ಸಾಲದು, ಗಿಟ್ ಹಳೆಯದೆಲ್ಲವನ್ನೂ ನೆನಪಿಟ್ಟಿರುತ್ತದೆ. ಮೊದಲು ಪಾಸ್‌ವರ್ಡನ್ನೇ ಬದಲಿಸಬೇಕು. ‘ಡಾಟ್ ಎನ್ವ್’ ಫೈಲಿನ ಹೆಸರನ್ನು ‘ಗಿಟ್‌ಇಗ್ನೋರ್’ ಪಟ್ಟಿಗೆ ಮೊದಲ ದಿನವೇ ಸೇರಿಸಬೇಕು.

ಇದು ವಿದ್ಯಾರ್ಥಿಗಳ ತಪ್ಪು ಮಾತ್ರವಲ್ಲ. 2016ರಲ್ಲಿ ಉಬರ್ ಕಂಪನಿಯ ಖಾಸಗಿ ಗಿಟ್‌ಹಬ್ ಕೋಡ್‌ನಲ್ಲಿದ್ದ ಕೀಲಿಯನ್ನು ಹಿಡಿದೇ ದಾಳಿಕೋರರು 5.7 ಕೋಟಿ ಜನರ ಮಾಹಿತಿಗೆ ಕೈ ಹಾಕಿದ್ದರು. ಅದನ್ನು ಒಂದು ವರ್ಷ ಮುಚ್ಚಿಟ್ಟ ಪ್ರಕರಣದಲ್ಲಿ ಕಂಪನಿ 2018ರಲ್ಲಿ 14.8 ಕೋಟಿ ಡಾಲರ್ ಕಟ್ಟಲು ಒಪ್ಪಿತು.

ಹೆರೊಕು ಎಂಜಿನಿಯರ್‌ಗಳು ಬರೆದ ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ ಎಂಬ ಸೂತ್ರಗಳಲ್ಲಿ ಮೂರನೆಯದು ಇದೇ ವಿಷಯದ್ದು. ಅದರಲ್ಲಿ ಒಂದು ಸುಲಭ ಪರೀಕ್ಷೆ ಇದೆ: ಈ ಕ್ಷಣ ನಿಮ್ಮ ಕೋಡನ್ನು ಊರಿಗೆಲ್ಲ ತೋರಿಸಿದರೂ ಒಂದು ಗುಟ್ಟೂ ಬಯಲಾಗಬಾರದು. ನಿಮ್ಮ ರೆಸ್ಯೂಮೆಯಲ್ಲಿ ಗಿಟ್‌ಹಬ್ ಲಿಂಕ್ ಇದೆಯೇ? ಸಂದರ್ಶಕರು ತೆರೆಯುವ ಮೊದಲು ನೀವೇ ಈ ಪರೀಕ್ಷೆ ಮಾಡಿ ನೋಡಿ. ‘ಪ್ರಾಜೆಕ್ಟ್‌ನಲ್ಲಿ ಏನು ಕಲಿತೆ?’ ಎಂದು ಯಾರಾದರೂ ಕೇಳಿದರೆ ನಾನಂತೂ ಉಪ್ಪಿಟ್ಟಿನ ಕಥೆಯನ್ನೇ ಹೇಳುವವನು.

ಈಗ ಟೆಸ್ಟ್ ಆ್ಯಪ್‌ನ ಮೇಲ್ಭಾಗದಲ್ಲಿ ದಪ್ಪ ಕೆಂಪು ಪಟ್ಟಿ ಕಾಣುತ್ತದೆ. ಭಟ್ರ ಮೊಬೈಲ್‌ನಲ್ಲಿ ಅದು ಯಾವತ್ತೂ ಬಂದಿಲ್ಲ. ಆದರೂ ಅವರು ಪ್ರತಿ ಸಂಜೆ ನನ್ನನ್ನು ಕಂಡರೆ ಕೇಳುವುದು ಬಿಟ್ಟಿಲ್ಲ: ‘ಇವತ್ತಿನ ಲೆಕ್ಕ ಅಸಲಿಯೋ, ಟೆಸ್ಟಿಂದೋ?’